ಹಾಸು ಸೊಟ್ಟಗೆ ಕಂಡ ದಿನ: ಒಂದು ಅಪರೂಪದ ಕಾಯಿಲೆಯ ಚರಿತ್ರೆ

1/9

ಫೋಟೊದಲ್ಲಿರೋದು ಇಳಕಲ್ಲಿನ ಒಂದು ಕುಣಿಮಗ್ಗ. ಕೂತವರ ಮುಖ ಬೇಕಂತಲೇ ಬಿಟ್ಟೀನಿ. ಅವರು ನಮ್ಮ ದೊಡ್ಡವ್ವ, ನಮ್ಮವ್ವನ ಅಕ್ಕ. "ಮಗ್ಗದ್ದ ತಗಿ, ಕೈದು ತಗಿ, ಕುತಿಗಿದು ಮಾತ್ರ ತಗೀಬ್ಯಾಡವಾ" ಅಂದಳು. ಆ ಕುತ್ತಿಗೆಯ ಕಥೆಯೇ ಈ ಸಲದ ಸರಣಿ.

ಹೋದ ಸಲ ಹಿನ್ನೀರಿಗೆ ಹೋದ ಹಳೇ ಬಾಗಲಕೋಟೆಯ ಓಣಿಗಳ ಬಗ್ಗೆ ಬರೆದಿದ್ದೆ, ನೆನಪಿರಬಹುದು. ಈ ಸಲ ಊರಿನ ಇತಿಹಾಸ ಅಲ್ಲ, ಕಾಯಿಲೆಯ ಇತಿಹಾಸ. ಬಿಕಾಂ ಓದೋ ಹುಡುಗಿಗೆ ಇದ್ಯಾಕೆ ಅಂತ ಕೇಳಿದರೆ ಉತ್ತರ 8ನೇ ಭಾಗದಲ್ಲಿದೆ. ಆದರೆ ನೇರ ಅಲ್ಲಿಗೆ ಹಾರಬೇಡಿ, ಲೆಕ್ಕ ತಿಳಿಯೋದಿಲ್ಲ.

ನಾಲ್ಕು ವರ್ಷದ ಹಿಂದೆ, ದೊಡ್ಡವ್ವನಿಗೆ ಆಗ 44. ಒಂದು ಮುಂಜಾನೆ ಮಗ್ಗದಾಗ ಕೂತು ಹಾಸು ನೋಡಿದರೆ ಎಳೆಗಳು ನಡುವಲ್ಲಿ ಬಾಗಿದ್ದವಂತೆ. ಹಾಸು ಅಂದರೆ ಉದ್ದಕ್ಕೆ ಬಿಗಿದ ನೂಲು, ಅದು ನೆಟ್ಟಗಿರಲೇಬೇಕು. ಮಗ್ಗ ಸರಿ ಇಲ್ಲ ಅಂತ ಕಾಕಾನ ಕೂಡ ಜಗಳ ಮಾಡಿದಳು. ಕಾಕಾ ಬಂದು ನೋಡಿದ, ಹಾಸು ನೆಟ್ಟಗೇ ಇತ್ತು. ಒಂದು ಕಣ್ಣು ಮುಚ್ಚಿ ನೋಡಿದಳು, ನೆಟ್ಟಗ. ಇನ್ನೊಂದು ಕಣ್ಣು ಮುಚ್ಚಿ ನೋಡಿದಳು, ಸೊಟ್ಟ. ಸೊಟ್ಟಗಿದ್ದದ್ದು ಮಗ್ಗ ಅಲ್ಲ, ಎಡಗಣ್ಣು.

2/9

ಇಳಕಲ್ಲ ಸೀರೆ ನೋಡಿದವರಿಗೆ ಗೊತ್ತು, ಒಡಲು ಒಂದು ನೂಲು, ಸೆರಗು ಇನ್ನೊಂದು ನೂಲು. ಒಡಲಿನ ಹಾಸಿಗೆ ಸೆರಗಿನ ಕೆಂಪು ರೇಷ್ಮೆ ಹಾಸನ್ನು ಕೊಂಡಿ ಕೊಂಡಿಯಾಗಿ ಸಿಗಿಸಿ ಜೋಡಿಸ್ತಾರೆ. ಎಳೆ ಎಳೆ ಎಣಿಸುವ ಕೆಲಸ. ದೊಡ್ಡವ್ವ ಮೂವತ್ತು ವರ್ಷ ಅದನ್ನೇ ಮಾಡಿದಾಕೆ. ಕಣ್ಣು ಹೋದರೆ ಆಕೆಗೆ ಹೋಗೋದು ಕಣ್ಣಷ್ಟೇ ಅಲ್ಲ.

ಮೊದಲು ತೋರಿಸಿದ ಕಡೆ ಚಾಳೀಸು ಅಂದರು, ಕನ್ನಡಕ ಕೊಟ್ಟರು. ಆರು ತಿಂಗಳು ಹೋಯಿತು. ಆ ಜಾಗದ ಹೆಸರು ಬೇಡ. ಆಮೇಲೆ ಒಬ್ಬ ಕಣ್ಣಿನ ಡಾಕ್ಟರು ಪಾಪೆ ಅಗಲಿಸುವ ಹನಿ ಹಾಕಿ, ಒಳಗೆ ಲೈಟು ಬಿಟ್ಟು ಬಹಳ ಹೊತ್ತು ನೋಡಿದರು. ನೋಡಿ, ಕಣ್ಣಿನ ಬಗ್ಗೆ ಏನೂ ಹೇಳದೆ, "ಅಮ್ಮಾ, ಸ್ವಲ್ಪ ಸೆರಗು ಸರಸ್ರಿ, ಕುತ್ತಿಗೆ ನೋಡಬೇಕು" ಅಂದರು.

ದೊಡ್ಡವ್ವನ ಕುತ್ತಿಗೆಯ ಎರಡೂ ಬದಿ ಸಣ್ಣ ಸಣ್ಣ ಹಳದಿ ಗುಳ್ಳೆಗಳಿವೆ, ಒಂದಕ್ಕೊಂದು ಅಂಟಿಕೊಂಡ ಹಾಗೆ. ಪುಕ್ಕ ಕಿತ್ತ ಕೋಳಿಯ ತೊಗಲು ನೋಡೀರಲ್ಲ, ಹಂಗ. (ಇದು ನನ್ನ ಹೋಲಿಕೆ ಅಲ್ಲ, ವೈದ್ಯಕೀಯ ಪುಸ್ತಕಗಳಲ್ಲೇ ಹೀಗೇ ಬರೀತಾರೆ. ಬರೆದವರು ಆ ಕುತ್ತಿಗೆಯವರನ್ನ ಒಂದು ಮಾತು ಕೇಳಬೇಕಿತ್ತು.) ಹದಿನಾರನೇ ವಯಸ್ಸಿನಿಂದ ಇವೆ. ತುರಿಕೆ ಇಲ್ಲ, ನೋವಿಲ್ಲ. ಮದುವೆಗೆ ಮುಂಚೆ ಗಜಕರ್ಣ ಅಂತ ಮುಲಾಮು ಹಚ್ಚಿದರು. ಮದುವೆ ಆದ ಮೇಲೆ ತಾಳಿ ಸರ ತಿಕ್ಕಿ ಹಿಂಗಾಗೇತಿ ಅಂದರು. ಆಕೆ ಬೋರಮಾಳ ಹಾಕೋದನ್ನೇ ಬಿಟ್ಟಳು, ಸೆರಗು ಕುತ್ತಿಗೆ ಸುತ್ತಿ ಹೊದೆಯೋದು ರೂಢಿಯಾಯಿತು. ಇಪ್ಪತ್ತೆಂಟು ವರ್ಷ ಆ ಸೆರಗು ಹಾಗೇ ಇತ್ತು.

ಕಣ್ಣಿನ ಡಾಕ್ಟರು ಒಂದು ಹೆಸರು ಬರೆದುಕೊಟ್ಟರು. ಸ್ಯೂಡೊಕ್ಸಾಂಥೋಮಾ ಇಲಾಸ್ಟಿಕಮ್. ಚುಟುಕಾಗಿ ಪಿಎಕ್ಸ್‌ಇ. ಕಣ್ಣು ನೋಡಿದವರು ಕುತ್ತಿಗೆ ನೋಡಬೇಕು ಅಂತ ಕಲಿಯೋಕೆ ಜಗತ್ತಿಗೆ ಎಷ್ಟು ದಿನ ಬೇಕಾಯಿತು ಅನ್ನೋದೇ ಮುಂದಿನ ಎರಡು ಭಾಗ.

3/9

ಪ್ಯಾರಿಸ್, 1881. ರಿಗಾಲ್ ಅನ್ನುವ ಫ್ರೆಂಚ್ ವೈದ್ಯ ಇಂಥ ಚರ್ಮದ ಒಬ್ಬ ರೋಗಿಯನ್ನು ಮೊದಲ ಸಲ ದಾಖಲಿಸಿದ. ಹಳದಿ ಇದೆ, ಗಂಟು ಇದೆ, ಹಾಗಾದರೆ ಇದು ಕ್ಸಾಂಥೋಮಾ ಜಾತಿಯದ್ದೇ ಅಂತ ತಿಳಿದ. ಕ್ಸಾಂಥೋಮಾ ಅಂದರೆ ಕೊಬ್ಬು ಸೇರಿ ಆಗುವ ಹಳದಿ ಗಂಟು, ಕೆಲವರಿಗೆ ಕಣ್ಣಿನ ರೆಪ್ಪೆ ಮೇಲೆ ಬರ್ತದಲ್ಲ ಅದು. 1884ರಲ್ಲಿ ಬಾಲ್ಜೆ ಎಂಬಾತ ಶವಪರೀಕ್ಷೆಯ ವಿವರ ಕೊಟ್ಟ. ಚರ್ಮದ ಒಳಗಿನ ಎಲಾಸ್ಟಿಕ್ ಎಳೆಗಳು ಕೆಟ್ಟಿರೋದು ಅವನಿಗೆ ಕಂಡಿತ್ತು. ಆದರೂ ಹಳೇ ಹೆಸರು ಬಿಡಲಿಲ್ಲ.

1889ರಲ್ಲಿ ಶೊಫಾರ್ ಎಂಬ ಇನ್ನೊಬ್ಬ ವೈದ್ಯ ಪ್ಯಾರಿಸ್ಸಿನ ಆಸ್ಪತ್ರೆಗಳ ವೈದ್ಯರ ಸಂಘದ ಮುಂದೆ ಒಬ್ಬ ರೋಗಿಯ ವಿವರ ಇಟ್ಟ. ಅವನ ಲೇಖನದ ತಲೆಬರಹ ನನಗೆ ಭಾಳ ಸೇರ್ತದೆ. ಮೈಮೇಲೆ ಎರಡೂ ಬದಿ ಸಮನಾಗಿ ಹರಡಿದ ಹಳದಿ ಕಲೆ, "ಯಕೃತ್ತಿನ ದೋಷ ಇಲ್ಲದೆ" ಅಂತ ಇದೆ. ಆ ಕಾಲದಲ್ಲಿ ಹಳದಿ ಕಂಡರೆ ಮೊದಲು ಯಕೃತ್ತನ್ನ, ಅಂದರೆ ಲಿವರನ್ನ ನೋಡ್ತಿದ್ದರು. ಲಿವರ್ ಚೆನ್ನಾಗಿದೆ, ಅದರದ್ದೇನೂ ತಪ್ಪಿಲ್ಲ ಅಂತ ಶೊಫಾರ್ ತಲೆಬರಹದಲ್ಲೇ ಬರೆದುಬಿಟ್ಟ. ಈ ವಾಕ್ಯ ನೆನಪಿಟ್ಟುಕೊಳ್ಳಿ. 111 ವರ್ಷದ ನಂತರ ಮತ್ತೆ ಬರ್ತದೆ.

ಅದೇ ರೋಗಿಯ ಚರ್ಮವನ್ನು ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟವನು ಫರ್ಡಿನಾಂಡ್ ಜಾನ್ ದಾರಿಯೆ. ಹುಟ್ಟಿದ್ದು ಬುಡಾಪೆಸ್ಟಿನಲ್ಲಿ, ಕೆಲಸ ಮಾಡಿದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿ ಕೊಬ್ಬು ಇರಲಿಲ್ಲ. ಇದ್ದದ್ದು ತುಂಡು ತುಂಡಾದ, ಉಬ್ಬಿದ ಎಲಾಸ್ಟಿಕ್ ಎಳೆಗಳು. 1896ರಲ್ಲಿ ಅವನು ಹೆಸರು ಬದಲಿಸಿದ. ಸ್ಯೂಡೊ ಅಂದರೆ ಹುಸಿ, ಕ್ಸಾಂಥೋಸ್ ಅಂದರೆ ಗ್ರೀಕಿನಲ್ಲಿ ಹಳದಿ. ಹಳದಿ ಗಂಟಿನ ಹಾಗೆ ಕಂಡರೂ ಅದಲ್ಲದ, ಎಲಾಸ್ಟಿಕ್ ಎಳೆಯ ರೋಗ. ನೋಡಿ, ಕಾಯಿಲೆಯ ಹೆಸರಿನಲ್ಲೇ ಒಂದು ತಿದ್ದುಪಡಿ ಇದೆ. ದೊಡ್ಡವ್ವನ ಕುತ್ತಿಗೆಗೂ ಗಜಕರ್ಣ ಅಲ್ಲ, ತಾಳಿ ಅಲ್ಲ ಅಂತ ಹೇಳೋರು ಬೇಕಿತ್ತು.

4/9

ಈಗ ಕಣ್ಣಿನ ಕಡೆ ಬನ್ನಿ. ಶೊಫಾರ್ ಪ್ಯಾರಿಸ್ಸಿನಲ್ಲಿ ಚರ್ಮ ತೋರಿಸಿದ ಅದೇ 1889ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ವಾಲ್ಟರ್ ಡಾಯ್ನ್ ಎಂಬ ಕಣ್ಣಿನ ವೈದ್ಯ ರೋಗಿಯ ಕಣ್ಣಿನೊಳಗೆ ವಿಚಿತ್ರ ಗೆರೆಗಳನ್ನು ಕಂಡ. ಕಣ್ಣಿನ ಹಿಂಭಾಗದಲ್ಲಿ ನರ ಒಳಬರುವ ಜಾಗದ ಸುತ್ತ ಒಡೆದ ನೆಲದ ಬಿರುಕಿನ ಹಾಗೆ ಹರಡಿದ ಕಂದು ಗೆರೆಗಳು. ಕಣ್ಣಿಗೆ ಪೆಟ್ಟು ಬಿದ್ದು ಹೀಗಾಗಿದೆ ಅಂತ ಬರೆದ. 1892ರಲ್ಲಿ ನ್ಯೂಯಾರ್ಕಿನ ಹರ್ಮನ್ ನಾಪ್ ಅವಕ್ಕೆ "ಆಂಜಿಯಾಯ್ಡ್ ಸ್ಟ್ರೀಕ್ಸ್" ಅಂದ, ರಕ್ತನಾಳದ ಹಾಗೆ ಕಾಣುವ ಗೆರೆಗಳು ಅಂತ. ಅವು ರಕ್ತನಾಳ ಅಲ್ಲ. ರೆಟಿನಾದ ಕೆಳಗೆ ಬ್ರೂಕ್ ಪೊರೆ ಅಂತ ಒಂದು ತೆಳು ಹಾಸು ಇದೆ, ಅದರ ನಡುವೆ ಎಲಾಸ್ಟಿಕ್ ಎಳೆಗಳ ಪದರ. ಆ ಪೊರೆ ಗಡಸಾಗಿ ಸೀಳಿದಾಗ ಬೀಳುವ ಬಿರುಕೇ ಈ ಗೆರೆ. ದೋಷ ಇರೋದು ಬ್ರೂಕ್ ಪೊರೆಯಲ್ಲಿ ಅಂತ 1917ರಲ್ಲಿ ಕೋಫ್ಲರ್ ಹೇಳಿದ.

ಡಾಯ್ನ್ ಪೂರ್ತಿ ತಪ್ಪಲ್ಲ. ಇಂಥ ಕಣ್ಣಿಗೆ ಸಣ್ಣ ಪೆಟ್ಟು ಬಿದ್ದರೂ ಒಳಗೆ ರಕ್ತ ಒಸರಬಹುದು. ಆದರೆ ಪೆಟ್ಟು ಬೀಳೋ ಮುಂಚೆಯೇ ಪೊರೆ ಕೆಟ್ಟಿರ್ತದೆ.

ಹೀಗೆ ಸುಮಾರು 40 ವರ್ಷ ಚರ್ಮದವರು ಚರ್ಮ ನೋಡಿದರು, ಕಣ್ಣಿನವರು ಕಣ್ಣು ನೋಡಿದರು. ಎರಡೂ ಸೇರಿದ್ದು 1929ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ. ಕಣ್ಣಿನ ವೈದ್ಯೆ ಎಸ್ಟರ್ ಗ್ರೊನ್‌ಬ್ಲಾಡ್, ಚರ್ಮದ ವೈದ್ಯ ಜೇಮ್ಸ್ ಸ್ಟ್ರಾಂಡ್‌ಬರ್ಗ್. ಒಬ್ಬರ ಹಳದಿ ಗುಳ್ಳೆ, ಇನ್ನೊಬ್ಬರ ಕಂದು ಗೆರೆ ಒಂದೇ ಕಾಯಿಲೆಯ ಎರಡು ಮುಖ ಅಂತ ತೋರಿಸಿದರು. ಬಹಳ ದಿನ ಈ ಕಾಯಿಲೆಗೆ ಇವರಿಬ್ಬರ ಹೆಸರೇ ಇತ್ತು. 1944ರಲ್ಲಿ ಸ್ವೀಡನ್ನಿನವನೇ ಆದ ಕಾರ್ಲ್‌ಬೋರ್ಗ್ ಇಂಥ ರೋಗಿಗಳ ದೊಡ್ಡ ಅಪಧಮನಿಗಳಲ್ಲಿ ನಾಡಿಯ ಅಲೆ ಎಷ್ಟು ವೇಗವಾಗಿ ಓಡ್ತದೆ ಅಂತ ಅಳೆದ. ರಕ್ತನಾಳದ ಗೋಡೆಯೂ ಇದೇ ಕಾಯಿಲೆಯ ಮೂರನೇ ಮನೆ. ಕಾಲಿನ ನಾಳ ಗಡಸಾಗಿ, ಕಿರಿದಾಗಿ ನಡೆದಾಗ ಮೀನಗಂಡ ಹಿಡಿದುಕೊಳ್ತದೆ, ನಿಂತರೆ ಬಿಡ್ತದೆ. ಹೊಟ್ಟೆಯ ಒಳಗಿನ ನಾಳದಿಂದ ರಕ್ತಸ್ರಾವವೂ ಆಗಬಹುದು.

ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವ ಆಗಾಗ ನಿಂತುಬಿಡ್ತಿದ್ದಳು. "ಕಾಲು ಹಿಡಕೊಂಡಾವು, ತಡಿರಿ" ಅಂತ. ಬಸ್ಸು ತಪ್ಪಿತು ಅಂತ ನಾವು ಬೈದಿದ್ದೇವೆ. ಚರ್ಮ, ಕಣ್ಣು, ಕಾಲು. 1881, 1889, 1944. ಆಕೆಯ ಮೈಯಲ್ಲಿ ಮೂರೂ ಒಟ್ಟಿಗೇ ಇದ್ದವು, ನಾವು ಮೂರನ್ನೂ ಬೇರೆ ಬೇರೆ ನೋಡ್ತಾ ಇದ್ದೆವು.

5/9

ಇದು ಸಣ್ಣ ಭಾಗ. ಫೋಟೊ ನಮ್ಮನೆ ನೀರು ಕಾಸೋ ಹಂಡೆಯದ್ದು, ಒಳಗಿನ ಬಿಳಿ ಪದರ ನೋಡಿ.

ಚರ್ಮದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಎರಡು ಬಗೆಯ ಬಣ್ಣ ಹಾಕಿ ನೋಡ್ತಾರೆ. ಒಂದು ಎಲಾಸ್ಟಿಕ್ ಎಳೆ ತೋರಿಸುವ ಬಣ್ಣ. ಇನ್ನೊಂದು ಫಾನ್ ಕೋಸಾ ಎಂಬ ಹಂಗೇರಿಯವನು 1901ರಲ್ಲಿ ಕೊಟ್ಟದ್ದು, ಸುಣ್ಣದಂಶ ಇದ್ದ ಕಡೆ ಕಪ್ಪಾಗ್ತದೆ. ದೊಡ್ಡವ್ವನ ರಿಪೋರ್ಟಿನಲ್ಲಿ ಎಳೆಗಳೇ ಕಪ್ಪು. ಅಂದರೆ ಹಿಗ್ಗಿ ಕುಗ್ಗಬೇಕಾದ ಎಳೆಗಳ ಮೇಲೆ ಕ್ಯಾಲ್ಸಿಯಂ ಕೂತು ಗಡಸಾಗಿ ಮುರಿದಿವೆ.

ಬಾಗಲಕೋಟೆಯವರಿಗೆ ಇದನ್ನ ಹೆಚ್ಚು ವಿವರಿಸಬೇಕಿಲ್ಲ. ನಮ್ಮ ನೆಲವೇ ಸುಣ್ಣದಕಲ್ಲು, ಅದಕ್ಕೇ ಸಿಮೆಂಟ್ ಫ್ಯಾಕ್ಟರಿ ಬಂತು. ಬೋರ್ ನೀರು ಕಾಸಿದ ಹಂಡೆ, ಹೀಟರಿನ ಕಾಯಿಲ್ ಎಲ್ಲದರ ಮೇಲೂ ಬಿಳಿ ಪದರ. ಹಂಡೆಗೆ ಆದರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ಎಳೆಗೆ ಆಗೋದಿಲ್ಲ. ಈ ಹಂಡೆ ಮರೀಬೇಡಿ, 7ನೇ ಭಾಗದಲ್ಲಿ ಬೇಕು.

6/9

1956ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸಿನ ವಿಕ್ಟರ್ ಮೆಕ್ಯೂಸಿಕ್ ಅನುವಂಶೀಯ ಸಂಯೋಜಕ ಅಂಗಾಂಶ ಕಾಯಿಲೆಗಳ ಮೇಲೆ ಪುಸ್ತಕ ತಂದಾಗ ಪಿಎಕ್ಸ್‌ಇಗೆ ಅದರಲ್ಲಿ ಜಾಗ ಸಿಕ್ಕಿತು. ಸಂಯೋಜಕ ಅಂಗಾಂಶ ಅಂದರೆ ಮೈಯನ್ನ ಹಿಡಿದು ಕಟ್ಟಿರುವ ನೂಲು. ಇದು ಮನೆತನದಲ್ಲಿ ಹರಿದು ಬರುವ ರೋಗ ಅನ್ನೋದು ಗೊತ್ತಿತ್ತು, ಯಾವ ಜೀನ್ ಅಂತ ಗೊತ್ತಿರಲಿಲ್ಲ.

ಇಲ್ಲಿ ಕಥೆಯೊಳಗೆ ವೈದ್ಯರಲ್ಲದ ಇಬ್ಬರು ಬರ್ತಾರೆ. 1994ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ಅಮೆರಿಕದ ಶ್ಯಾರನ್ ಮತ್ತು ಪ್ಯಾಟ್ರಿಕ್ ಟೆರಿ ದಂಪತಿಗೆ ತಮ್ಮ ಇಬ್ಬರು ಮಕ್ಕಳಿಗೂ ಪಿಎಕ್ಸ್‌ಇ ಇದೆ ಅಂತ ತಿಳಿಯಿತು. ಶ್ಯಾರನ್ ಕಾಲೇಜೊಂದರಲ್ಲಿ ಧಾರ್ಮಿಕ ಸಲಹೆಗಾರ್ತಿಯಾಗಿದ್ದವರು, ಪ್ಯಾಟ್ರಿಕ್ ಕಟ್ಟಡ ಕಾಮಗಾರಿ ನೋಡಿಕೊಳ್ತಿದ್ದವರು. ವಿಜ್ಞಾನ ಓದಿದವರಲ್ಲ. ಸಂಶೋಧಕರ ಒಂದು ತಂಡ ಬಂದು ಮಕ್ಕಳ ರಕ್ತ ತೆಗೆದುಕೊಂಡು ಹೋಯಿತು. ಕೆಲವೇ ದಿನದಲ್ಲಿ ಇನ್ನೊಂದು ತಂಡ ಅದೇ ಮಕ್ಕಳ ರಕ್ತ ಕೇಳಿತು. ಮೊದಲಿನವರ ಹತ್ತಿರ ತಗೊಳ್ಳಿ ಅಂದರೆ ಹಂಚಿಕೊಳ್ಳೋ ಪದ್ಧತಿ ಇಲ್ಲ ಅನ್ನೋ ಉತ್ತರ. ಗಂಡ ಹೆಂಡತಿಗೆ ಅದು ನುಂಗಲಾಗದ ಮಾತು.

1995ರಲ್ಲಿ ಪಿಎಕ್ಸ್‌ಇ ಇಂಟರ್‌ನ್ಯಾಷನಲ್ ಕಟ್ಟಿದರು. ಜಗತ್ತಿನ ಬೇರೆ ಬೇರೆ ಕಡೆಯ ಪಿಎಕ್ಸ್‌ಇ ಮನೆತನಗಳಿಂದ ರಕ್ತ, ಅಂಗಾಂಶ ಕೂಡಿಸಿ ತಮ್ಮದೇ ಬ್ಯಾಂಕು ಮಾಡಿದರು. ಬೇಕಾದವರು ಬನ್ನಿ, ಆದರೆ ಷರತ್ತು ನಮ್ಮದು. ಹಾರ್ವರ್ಡಿನ ಲ್ಯಾಬಿನಲ್ಲಿ ರಾತ್ರಿ ಹೊತ್ತು ಜಾಗ ಕೇಳಿ ಪಡೆದು ಡಿಎನ್‌ಎ ಪರೀಕ್ಷೆಯ ಕೆಲಸ ಕಲಿತು ತಾವೇ ಮಾಡಿದರು.

2000ದಲ್ಲಿ ಬೇರೆ ಬೇರೆ ನಾಲ್ಕು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಜೀನನ್ನು ಪ್ರಕಟಿಸಿದವು. 16ನೇ ಕ್ರೋಮೊಸೋಮಿನ ಮೇಲಿನ ಎಬಿಸಿಸಿ6. ಬಂದ ಪೇಟೆಂಟಿನಲ್ಲಿ ಶ್ಯಾರನ್ ಟೆರಿ ಸಹ-ಆವಿಷ್ಕಾರಕಿ, ಅದು 2004ರಲ್ಲಿ ಸಿಕ್ಕಿತು. ಬಿಸಿನೆಸ್ ಲಾದಲ್ಲಿ ಪೇಟೆಂಟ್ ಅಂತ ನಾಲ್ಕು ಅಂಕದ ಉತ್ತರ ಬರೆದು ಬಂದಿದ್ದೆ. ಹೆತ್ತವರು ಮಕ್ಕಳ ಕಾಯಿಲೆಯ ಜೀನಿನ ಪೇಟೆಂಟ್ ಹಿಡಿದು, ಇದನ್ನ ಯಾರೂ ಬೀಗ ಹಾಕಿ ಇಡಬಾರದು ಅಂತ ಕಾಯ್ತಾರೆ ಅನ್ನೋದು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಜೀನಿಗೆ ಪೇಟೆಂಟ್ ಕೊಡೋದೇ ಸರಿಯೋ ಅನ್ನೋ ಜಗಳ ಬೇರೆ ಇದೆ, ಅದಕ್ಕೆ ಇಲ್ಲಿ ಹೋಗೋದಿಲ್ಲ.

7/9

ಈಗ ಶೊಫಾರನ ತಲೆಬರಹಕ್ಕೆ ಬನ್ನಿ.

ಎಬಿಸಿಸಿ6 ಸಿಕ್ಕ ಮೇಲೆ ಅದು ಮೈಯಲ್ಲಿ ಎಲ್ಲಿ ಕೆಲಸ ಮಾಡ್ತದೆ ಅಂತ ಹುಡುಕಿದರು. ಚರ್ಮದಲ್ಲಿ ಇರಬೇಕು, ಕಣ್ಣಲ್ಲಿ ಇರಬೇಕು ಅಂತ ಯಾರಾದರೂ ಅಂದುಕೊಳ್ಳೋದು. ಅದು ಮುಖ್ಯವಾಗಿ ಇದ್ದದ್ದು ಲಿವರಿನಲ್ಲಿ, ಅದು ಬಿಟ್ಟರೆ ಸ್ವಲ್ಪ ಕಿಡ್ನಿಯಲ್ಲಿ. ಲಿವರಿನ ದೋಷ ಇಲ್ಲದೆ ಅಂತ 1889ರಲ್ಲಿ ಬರೆದಿದ್ದರಲ್ಲ, ದೋಷ ಅಲ್ಲೇ ಇತ್ತು. ಆಗಿನ ಯಾವ ಪರೀಕ್ಷೆಗೂ ಅದು ಸಿಗುವ ಹಾಗಿರಲಿಲ್ಲ, ಈಗಿನ ಮಾಮೂಲಿ ಲಿವರ್ ಟೆಸ್ಟಿನಲ್ಲೂ ಸಿಗೋದಿಲ್ಲ.

2013ರಲ್ಲಿ ಆಮ್‌ಸ್ಟರ್‌ಡ್ಯಾಮಿನ ತಂಡವೊಂದು ಉಳಿದ ಕೊಂಡಿ ಹಾಕಿತು. ಎಬಿಸಿಸಿ6 ಕೆಲಸ ಮಾಡಿದರೆ ಜೀವಕೋಶದಿಂದ ಎಟಿಪಿ ಹೊರಗೆ ಬರ್ತದೆ, ಅದು ಒಡೆದು ಪೈರೊಫಾಸ್ಫೇಟ್ ಎಂಬ ಸಣ್ಣ ವಸ್ತು ರಕ್ತಕ್ಕೆ ಸೇರ್ತದೆ. ಈ ಪೈರೊಫಾಸ್ಫೇಟಿನ ಕೆಲಸ ಒಂದೇ, ಕ್ಯಾಲ್ಸಿಯಂ ಹರಳು ಕಟ್ಟೋದನ್ನ ತಡೆಯೋದು. ಪಿಎಕ್ಸ್‌ಇ ಇದ್ದವರ ರಕ್ತದಲ್ಲಿ ಅದು ಕಡಿಮೆ. ಕಾವಲುಗಾರ ಇಲ್ಲದ ಕಡೆ ಸುಣ್ಣ ಕೂರ್ತದೆ, ಎಲಾಸ್ಟಿಕ್ ಎಳೆ ಇದ್ದಲ್ಲೇ ಮೊದಲು ಕೂರ್ತದೆ.

ಈಗ ಹಂಡೆ. ಗಡಸು ನೀರಿನ ಪೈಪು, ಬಾಯ್ಲರುಗಳಲ್ಲಿ ಪದರ ಕಟ್ಟದಂತೆ ನೀರಿಗೆ ಸ್ವಲ್ಪವೇ ಪಾಲಿಫಾಸ್ಫೇಟ್ ಹಾಕೋದು ಕಾರ್ಖಾನೆಯವರಿಗೆ ಮೊದಲೇ ಗೊತ್ತಿತ್ತು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತವನ ಜೊತೆಗಾರರು ಮನುಷ್ಯನ ಮೂತ್ರದಲ್ಲಿ, ರಕ್ತದಲ್ಲಿ ಅದರ ಸಂಬಂಧಿ ಪೈರೊಫಾಸ್ಫೇಟ್ ಇದೆ, ಇಲ್ಲೂ ಅದೇ ಕೆಲಸ ಮಾಡ್ತದೆ ಅಂತ ಕಂಡರು. ಅದನ್ನ ಹೋಲುವ, ಮೈಯಲ್ಲಿ ಬೇಗ ಒಡೆಯದ ಔಷಧಿಗಳು ಅಲ್ಲಿಂದಲೇ ಬಂದವು. ಅವುಗಳಲ್ಲೊಂದು ಎಟಿಡ್ರೊನೇಟ್. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ 74 ಪಿಎಕ್ಸ್‌ಇ ರೋಗಿಗಳ ಮೇಲೆ ಒಂದು ವರ್ಷ ಅದನ್ನ ಪ್ರಯೋಗ ಮಾಡಿ 2018ರಲ್ಲಿ ಪ್ರಕಟಿಸಿದರು. ಮುಖ್ಯ ಅಳತೆಯಲ್ಲಿ ಸ್ಪಷ್ಟ ಫಲ ಕಾಣಲಿಲ್ಲ. ಆದರೆ ನಾಳಗಳ ಸುಣ್ಣ ಹೆಚ್ಚೋದು ಕಡಿಮೆಯಾಯಿತು, ಕಣ್ಣಿನಲ್ಲಿ ಹೊಸ ರಕ್ತನಾಳ ಹುಟ್ಟೋದೂ ಕಡಿಮೆಯಾಯಿತು. ವಾಸಿಯಾಗುವ ಔಷಧಿ ಅಂತ ಯಾರೂ ಹೇಳೋ ಹಾಗಿಲ್ಲ.

ಸದ್ಯಕ್ಕೆ ಕೈಯಲ್ಲಿರೋದು ಕಣ್ಣಿನ ಇಂಜೆಕ್ಷನ್. ಬ್ರೂಕ್ ಪೊರೆಯ ಬಿರುಕಿನೊಳಗಿಂದ ಬೇಡದ ಹೊಸ ನಾಳಗಳು ತೂರಿಬಂದು ಸೋರಿದಾಗಲೇ ನೆಟ್ಟಗಿನ ಗೆರೆ ಸೊಟ್ಟ ಕಾಣೋದು. ಆ ನಾಳ ಬೆಳೆಯದಂತೆ ತಡೆಯುವ ಔಷಧಿಯನ್ನು ಕಣ್ಣೊಳಗೇ ಚುಚ್ತಾರೆ. ಅವುಗಳಲ್ಲಿ ಕಡಿಮೆ ಬೆಲೆಯದ್ದು ಬೆವಾಸಿಜುಮ್ಯಾಬ್, ಮೂಲತಃ ಕ್ಯಾನ್ಸರಿಗೆ ಮಾಡಿದ್ದು. ದೊಡ್ಡವ್ವನ ಎಡಗಣ್ಣಿಗೆ ಇಲ್ಲಿತನಕ ಒಂಬತ್ತು ಸಲ ಆಗಿದೆ. ಹೋದ ದೃಷ್ಟಿ ಪೂರ್ತಿ ವಾಪಸ್ ಬಂದಿಲ್ಲ. ಚಾಳೀಸು ಅಂತ ಕಳೆದ ಆ ಆರು ತಿಂಗಳು ಎಲ್ಲಿಂದ ತರೋಣ. ಬಲಗಣ್ಣು ಇನ್ನೂ ಚೆನ್ನಾಗಿದೆ.

8/9

ಹಾರಿ ಬಂದವರಿದ್ದರೆ ವಾಪಸ್ ಹೋಗಿ.

ಪಿಎಕ್ಸ್‌ಇ ಬರಬೇಕಾದರೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಜೀನ್ ಪ್ರತಿ ಕೆಟ್ಟಿರಬೇಕು. ಒಂದೇ ಕೆಟ್ಟಿದ್ದರೆ ಅವರು ವಾಹಕರು, ಸಾಮಾನ್ಯವಾಗಿ ಅವರಿಗೆ ಈ ಕಾಯಿಲೆ ಇರೋದಿಲ್ಲ, ಗೊತ್ತೂ ಆಗೋದಿಲ್ಲ. ನಮ್ಮ ಆಯಿ ಮದುವೆಯಾದದ್ದು ತನ್ನ ಸೋದರಮಾವನನ್ನ, ಅಂದರೆ ನಮ್ಮ ಮುತ್ಯಾನನ್ನ. ಒಂದೇ ಮನೆಯ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇದ್ದಿರಬೇಕು. ಐದು ಮಕ್ಕಳಲ್ಲಿ ದೊಡ್ಡವ್ವ ಹಿರಿಯಳು, ಆಕೆಗೆ ಎರಡೂ ಬಂದವು. ಉಳಿದ ನಾಲ್ವರಿಗೆ ಕಾಯಿಲೆ ಇಲ್ಲ. ಅವರಲ್ಲಿ ನಮ್ಮವ್ವ ಒಬ್ಬಾಕೆ, ಕೊನೆಯವನು ಮಾಮಾ. ಮಾಮಾಗೆ 29, ನಮ್ಮಕ್ಕನಿಗೆ 23. ಅಕ್ಕ ಹುಟ್ಟಿದಾಗಿನಿಂದ "ಇವನ ಹೇಂತಿ" ಅಂತ ಕರೆದುಕೊಂಡೇ ಬಂದಾರ. ಹೋದ ದೀಪಾವಳಿಗೆ ಮಾತು ಗಟ್ಟಿಯಾಗಿ ಶುರುವಾಯಿತು.

ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸಿನಲ್ಲಿ ಸಂಭವನೀಯತೆ ಓದಿದ್ದೆ, ನಾಣ್ಯ, ದಾಳ, ಇಸ್ಪೀಟು ಎಲೆ. ಒಂದು ರಾತ್ರಿ ಅದೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇದನ್ನ ಬರೆದೆ.

ವಾಹಕರಾದ ಅಪ್ಪ ಅವ್ವನ ಪ್ರತಿ ಮಗುವಿಗೆ ನಾಲ್ಕು ಸಾಧ್ಯತೆ. ಒಂದರಲ್ಲಿ ಎರಡೂ ಪ್ರತಿ ಸರಿ, ಎರಡರಲ್ಲಿ ವಾಹಕ, ಒಂದರಲ್ಲಿ ಕಾಯಿಲೆ. ಮಾಮಾಗೆ ಕಾಯಿಲೆ ಇಲ್ಲ ಅಂತ ಗೊತ್ತು, ಹಾಗಾಗಿ ನಾಲ್ಕನೆಯದು ಹೋಯಿತು. ಉಳಿದ ಮೂರರಲ್ಲಿ ಎರಡು, ಅಂದರೆ ಅವನು ವಾಹಕನಾಗಿರೋ ಸಾಧ್ಯತೆ 2/3. ಅವ್ವನದ್ದೂ 2/3. ಅವ್ವನಿಂದ ಅಕ್ಕನಿಗೆ ಬರೋದು ಅದರ ಅರ್ಧ, 1/3. ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಮಗುವಿಗೆ 1/4. ಮೂರನ್ನೂ ಗುಣಿಸಿದರೆ 2/36, ಅಂದರೆ 18ಕ್ಕೆ ಒಂದು.

ಅಕ್ಕ ಹೊರಗಿನವನನ್ನು ಮದುವೆಯಾದರೆ? ಪಿಎಕ್ಸ್‌ಇ 50,000 ಜನಕ್ಕೆ ಒಬ್ಬರಿಗೆ ಅಂತ ಹಿಡಿದರೆ ವಾಹಕರು ಸುಮಾರು 112 ಜನಕ್ಕೆ ಒಬ್ಬರು. 1/3, 1/112, 1/4 ಗುಣಿಸಿದರೆ ಸುಮಾರು 1,300ಕ್ಕೆ ಒಂದು. ಎರಡು ಸಲ ಮಾಡಿ ನೋಡಿದೆ, ಉತ್ತರ ಬದಲಾಗಲಿಲ್ಲ.

ಅವ್ವನಿಗೆ ತೋರಿಸಿದೆ. "ಹದಿನೆಂಟಕ್ಕ ಒಂದಾ? ಉಳಿದ ಹದಿನೇಳು ಚಲೋ ಇರ್ತಾವಲ್ಲ" ಅಂದಳು. ಲೆಕ್ಕ ತಪ್ಪಲ್ಲ ಆಕೆಯದ್ದು. ಒಳಗಿನ ಸಂಬಂಧದ ಮದುವೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗೇ ಇರ್ತಾರೆ. ಹಂಗಂತ ಆಯಿಗೂ ಯಾರೋ ಹೇಳಿರಬೇಕು.

ಇದು ನಮ್ಮ ಮನೆಯದ್ದಷ್ಟೇ ಅಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ, ವಿದೇಶದಿಂದ ಬಂದ ಅಲನ್ ಬಿಟಲ್ಸ್ ಮುಂತಾದವರು ಕರ್ನಾಟಕದ ನವಜಾತ ಶಿಶುಗಳ ದೊಡ್ಡ ಅಧ್ಯಯನ ಮಾಡಿದ್ದರು. ಆ ಮಕ್ಕಳ ತಂದೆ ತಾಯಿಯರಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದ ಮದುವೆಯವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಅಂಕಿ ಶೇ. 27ರ ಸುಮಾರು, ದೇಶದಲ್ಲೇ ಮುಂಚೂಣಿಯಲ್ಲಿದೆ.

ಎಲ್ಲ ಮನೆತನದ ಕಾಯಿಲೆಗೂ ಇದೇ ಕಾರಣ ಅಂತ ತಿಳೀಬೇಡಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಕಂಡ ಮೂಳೆ ಕೀಲಿನ ಕಾಯಿಲೆ ಕೇಳಿರಬಹುದು. ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಸವೆದು ಜನ ನಡೆಯಲಾರದಂತಾದರು. ಮೊದಲು ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಅಂದರು. ಆಮೇಲೆ ವಂಶವೃಕ್ಷ ಬರೆದು ನೋಡಿದಾಗ ಅದು ಮನೆತನದಲ್ಲಿ ಹರಿಯುವ ಕಾಯಿಲೆ ಅಂತ ಗೊತ್ತಾಯಿತು. ಅದು ಒಂದೇ ಕೆಟ್ಟ ಪ್ರತಿ ಇದ್ದರೂ ಬರುವ ಬಗೆ, ಅಲ್ಲಿ ಸೋದರಮಾವನ ಲೆಕ್ಕ ನಡೆಯೋದಿಲ್ಲ. ನಮ್ಮದು ಬೇರೆ. ನಮ್ಮಲ್ಲಿ ನಡೀತದೆ.

9/9

ಕೊನೇ ಫೋಟೊ ದೊಡ್ಡವ್ವನ ಅಡಿಗೆಮನೆ ಬಾಗಿಲಿನದು. ಚೌಕ ಚೌಕ ಗೆರೆಯ ಹಾಳೆ, ನಡುವೆ ಒಂದು ಚುಕ್ಕಿ. ಆಮ್ಸ್‌ಲರ್ ಗ್ರಿಡ್ ಅಂತಾರೆ, ಮಾರ್ಕ್ ಆಮ್ಸ್‌ಲರ್ ಎಂಬ ಸ್ವಿಸ್ ಕಣ್ಣಿನ ವೈದ್ಯನದು. ದಿನಾ ಒಂದೊಂದೇ ಕಣ್ಣು ಮುಚ್ಚಿ ಚುಕ್ಕಿ ನೋಡಬೇಕು, ಗೆರೆ ಬಾಗಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಕಣ್ಣಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು. ರಕ್ತಸ್ರಾವದ ಭಯ ಇರೋದರಿಂದ ಆಸ್ಪಿರಿನ್ ಥರದ ನೋವಿನ ಗುಳಿಗೆ ಕೇಳದೆ ನುಂಗೋ ಹಾಗಿಲ್ಲ. ಈಗ ಆಕೆ ಕೊಂಡಿ ಜೋಡಿಸೋ ಕೆಲಸ ಸೊಸೆಗೆ ಬಿಟ್ಟಾಳೆ, ತಾನು ಕಂಡಿಕೆ ಸುತ್ತುತಾಳೆ. ಆಕೆಯ ಮಗನಿಗೆ ಏನೂ ಇಲ್ಲ. ಕಾಕಾ ಹೊರಗಿನ ಮನೆತನದವನು. ಮಗ ಖಂಡಿತ ವಾಹಕ, ಅಷ್ಟೇ. ಸೊಸೆಯೂ ಹೊರಗಿನವಳು.

ಮಾಮಾ ತಾನೇ ಚರ್ಮದ ಡಾಕ್ಟರಿಗೆ ಹೋಗಿ ತೋರಿಸಿ ಬಂದ, ಯಾರಿಗೂ ಹೇಳದೆ. "ನನಗೇನೂ ಇಲ್ಲಂತ, ಕುತಿಗಿ ಚಲೋ ಐತಂತ" ಅಂತ ನನಗೆ ಮಾತ್ರ ಫೋನ್ ಮಾಡಿದ. ಕುತ್ತಿಗೆ ನೋಡಿದರೆ ವಾಹಕ ಗೊತ್ತಾಗೋದಿಲ್ಲ ಮಾಮಾ ಅಂದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ಏನ ನೋಡಬೇಕು ಹೇಳು" ಅಂದ.

ಮೊದಲು ದೊಡ್ಡವ್ವನ ರಕ್ತ ಪರೀಕ್ಷೆಯಾಗಬೇಕು, ಆಕೆಯ ಎಬಿಸಿಸಿ6ನಲ್ಲಿ ತಪ್ಪು ಎಲ್ಲಿದೆ ಅಂತ ಸಿಗಬೇಕು. ಸಿಕ್ಕರೆ ಮಾಮಾ, ಅಕ್ಕ ಇಬ್ಬರಲ್ಲೂ ಅದೊಂದೇ ಜಾಗ ನೋಡಿದರೆ ಸಾಕು. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂತ ಬಂದರೂ 18ಕ್ಕೆ ಒಂದು ಅನ್ನೋ ಲೆಕ್ಕ ಅಲ್ಲಿಗೆ ಬಿತ್ತು. ಇಬ್ಬರಿಗೂ ಇದೆ ಅಂತ ಬಂದರೆ ನಾಲ್ಕಕ್ಕೆ ಒಂದು. ಅಕ್ಕನನ್ನ ಕೇಳಿದೆ, ನಿನಗ ಏನ ಅನಸ್ತದ ಅಂತ. "ಇಷ್ಟು ದಿನ ಯಾರೂ ಕೇಳಿರಲಿಲ್ಲ ನೋಡು" ಅಂದಳು, ಮುಂದೇನೂ ಹೇಳಲಿಲ್ಲ.

ಹೋದ ಭಾನುವಾರ ವಿದ್ಯಾಗಿರಿಯಿಂದ ಇಳಕಲ್ಲಿಗೆ ಹೋಗಿದ್ದೆ. ಅಮೀನಗಡದಲ್ಲಿ ಇಳಿದು ದೊಡ್ಡವ್ವನಿಗೆ ಕರದಂಟು ತಗೊಂಡೆ. ರಕ್ತ ಕೊಡೋಕೆ ಆಕೆ ಒಪ್ಪಿದಳು, ಒಂದು ಮಾತು ಕೇಳಿ. "ಇದರಾಗ ನನ್ನ ಹೆಸರು ಕೆಡತೈತೇನು?" ಇಲ್ಲ ದೊಡ್ಡವ್ವ, ಇದು ನೀ ಮಾಡಿದ್ದಲ್ಲ ಅಂದೆ. ಶಾಂಪಲ್ ಹೋಗಿ ಹನ್ನೊಂದು ದಿನ ಆಯಿತು. ರಿಪೋರ್ಟ್ ಇನ್ನೂ ಬಂದಿಲ್ಲ.

ಸಂಜೆ ಹೊರಡೋ ಮುಂಚೆ ಆಕೆ ಬಾಗಿಲ ಮುಂದೆ ನಿಂತು ಎಡಗಣ್ಣು ಮುಚ್ಚಿ ಹಾಳೆ ನೋಡಿದಳು. ಸೆರಗು ಹೆಗಲ ಮೇಲಿತ್ತು, ಕುತ್ತಿಗೆ ಸುತ್ತ ಇರಲಿಲ್ಲ. "ನೆಟ್ಟಗದಾವು" ಅಂದಳು.

#ಬಾಗಲಕೋಟೆ #ಇಳಕಲ್ #ಕಾಯಿಲೆಯಚರಿತ್ರೆ #ವಿದ್ಯಾಗಿರಿಯಿಂದ